ಎರಡು ಹಳಿಯ ಕಿಟಕಿ

ನಮ್ಮ ಗಾಜು-ಅಲ್ಯೂಮಿನಿಯಂ ಅಂಗಡಿಯ ಫಿಟ್ಟರನನ್ನು ಪೇಟೆಯವರೆಲ್ಲ ಕರೆಯುವುದು ರಸಮಟ್ಟ ಎಂದೇ. ಒಳಗೆ ಗುಳ್ಳೆ ಓಡಾಡುವ ಆ ಪುಟ್ಟ ಮಟ್ಟಗೋಲು ಅವನ ಜೇಬು ಬಿಟ್ಟು ದೂರ ಹೋದದ್ದನ್ನು ನಾನು ಕಂಡಿರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೂರುವ ಮುಂಚೆ ಅದನ್ನಿಟ್ಟು ನೋಡುತ್ತಾನೆ. ಗುಳ್ಳೆ ಪಕ್ಕಕ್ಕೆ ಸರಿದರೆ ನಿಂತೇ ಚಹಾ ಕುಡಿಯುತ್ತಾನೆ. ವಯಸ್ಸು ನಲವತ್ತು ದಾಟಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಅಳತೆ ಕೂಡಿಬರ್ಲಿಲ್ಲ."

ಅವನು ಹಾಕಿದ ಕಿಟಕಿಯ ಬಗ್ಗೆ ದೂರು ಬಂದದ್ದಿಲ್ಲ. ಅದರಲ್ಲೂ ಜಾರುವ ಕಿಟಕಿಗೆ ಅವನೇ ಆಗಬೇಕು. ಅಕ್ಕಪಕ್ಕ ಎರಡು ಹಳಿ, ಹಳಿಗೊಂದು ಗಾಜಿನ ಕದ. ಹಳಿಗಳು ಕೂದಲೆಳೆಯಷ್ಟು ಹತ್ತಿರವಾದರೂ ಕದಕ್ಕೆ ಕದ ಉಜ್ಜುತ್ತದೆ. ದೂರವಾದರೆ ಸಂದಿಯಲ್ಲಿ ಗಾಳಿ ಸೀಟಿ ಹೊಡೆಯುತ್ತದೆ. ಸಮಾಂತರ ರೇಖೆಗಳನ್ನು ಎಷ್ಟು ಎಳೆದರೂ ಸೇರುವುದಿಲ್ಲ ಎಂದು ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರಲ್ಲ, ನಾನು ಮನೆ ಕಟ್ಟಿದ್ದು ಅದನ್ನೇ ಮಾರಿ. ಆದರೆ ಕಿಟಕಿ ಮುಚ್ಚಿದಾಗ ನಟ್ಟನಡುವೆ ಒಂದು ಕದದ ಅಂಚಿನ ಕೊಕ್ಕೆ ಇನ್ನೊಂದರ ಕೊಕ್ಕೆಗೆ ಸದ್ದಿಲ್ಲದೆ ಸಿಕ್ಕಿಕೊಳ್ಳುತ್ತದೆ. ಅದನ್ನು ಮಾತ್ರ ಮೇಷ್ಟ್ರು ಹೇಳಿರಲಿಲ್ಲ.

ಇಂಥವನ ಮೇಲೆ ನನಗೆ ಅನುಮಾನ ಹುಟ್ಟಿದ್ದು ನನ್ನ ತಂಗಿಯ ದೆಸೆಯಿಂದ. ಅವಳು ಗಂಡನ ಮನೆಯಿಂದ ಪೆಟ್ಟಿಗೆ ಸಮೇತ ವಾಪಸಾದವಳು. ಆ ಸಂಬಂಧ ಕೋರ್ಟಿನಲ್ಲಿ ಹರಿದು ವರ್ಷಗಳಾಗಿದ್ದವು. ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸ, ಕೆಳಗೆ ಆರ್ಡರ್ ಬರೆದುಕೊಳ್ಳುವ ಕೆಲಸ. ಚೌಕಾಸಿಗೆ ಇಳಿದ ಗಿರಾಕಿಯನ್ನು ಒಮ್ಮೆ ಕನ್ನಡಕದ ಮೇಲಿಂದ ನೋಡಿದಳೆಂದರೆ ಅವನು ತೆಪ್ಪಗೆ ಅಡ್ವಾನ್ಸ್ ಕೊಟ್ಟು ಹೋಗುತ್ತಿದ್ದ.

ಇಬ್ಬರೂ ನೇರ ಮಾತಾಡಿದ್ದನ್ನು ಕಂಡವರಿಲ್ಲ. ಅವನು ಅಳತೆಯನ್ನು ಗೋಡೆಗೆ ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಗಾಜು ಕೊಯ್ಯುವ ಮೇಜಿನ ಈ ಕಡೆ ಅವಳು ಬಂದರೆ ಅವನು ಆ ಕಡೆ ಸರಿಯುತ್ತಿದ್ದ. ಅವಳು ಬಾಗಿಲಿನತ್ತ ನಡೆದರೆ ಅವನಿಗೂ ಅದೇ ಹೊತ್ತಿಗೆ ಎದುರು ಗೋಡೆಗುಂಟ ಏನೋ ಕೆಲಸ. ಇದನ್ನು ಹೆಂಡತಿಯ ಕಿವಿಗೆ ಹಾಕಿದೆ.

"ಮಾತೇ ಆಡಲ್ಲ ಅಂದ್ಮೇಲೆ ಅವರ ಮಧ್ಯೆ ಏನಿರುತ್ತೆ?" ಅಂದಳು.

"ಅದೇ ಕಣೇ ಅನುಮಾನ. ಸಂಬಂಧ ಇಲ್ದೋರು ಒಂದ್ಸಲ ಹತ್ರ ಬರ್ತಾರೆ, ಒಂದ್ಸಲ ದೂರ ಹೋಗ್ತಾರೆ, ಮೈಗೆ ಮೈ ತಾಗಿದ್ರೂ ಗೊತ್ತಾಗಲ್ಲ. ಇವರಿಬ್ರ ಮಧ್ಯೆ ದೂರ ಒಂದೇ ಸಮ ಇರುತ್ತೆ. ಇಬ್ರೂ ಕಾಯ್ದೇ ಇದ್ರೆ ಅದು ಹಾಗಿರಲ್ಲ."

"ಹತ್ರ ಇದ್ರೂ ಅನುಮಾನ, ದೂರ ಇದ್ರೂ ಅನುಮಾನ. ನನ್ನನ್ನ ಅದ್ಹೇಗೆ ಮದುವೆ ಆದ್ರಿ ಮಾರಾಯ್ರೇ?"

"ನಿಮ್ಮ ಬೀದಿಯಲ್ಲಿ ವಿಚಾರಿಸಿದ್ದೆ."

ಆಕೆ ಆ ದಿನ ನನಗೆ ಚಹಾ ಕೊಡಲಿಲ್ಲ. ನನ್ನ ಭಯ ಅವಳಿಗೆ ತಮಾಷೆ. ತಂಗಿಯನ್ನು ಒಬ್ಬ ಆಗಲೇ ಕೈಬಿಟ್ಟಿದ್ದ. ಇವನೂ ಆಸೆ ಹಚ್ಚಿ ಹಿಂದೆ ಸರಿದರೆ? ಒಡೆದ ಗಾಜನ್ನಾದರೆ ಕರಗಿಸಿ ಹೊಸದು ಮಾಡುತ್ತಾರೆ.

ಅಷ್ಟರಲ್ಲಿ ತಂಗಿಯ ಕೋಣೆಗೆ ಹೊಸ ಕಿಟಕಿ ಹಾಕಿಸಿದೆ. ಹಾಕಿದವನು ಅವನೇ. ಕೆಲವೇ ದಿನಕ್ಕೆ ಅವಳು ಕೆಳಗಿಳಿದು ಬಂದು, ಅವನು ಅಲ್ಲೇ ನಿಂತಿದ್ದರೂ ನನಗೆ ಹೇಳಿದಳು: "ಅಣ್ಣಾ, ಕಿಟಕಿ ಹಿಡ್ಕೊಳ್ತಿದೆ."

ಅವನು ಮೇಲೆ ಹೋದ, ಸರಿ ಮಾಡಿ ಬಂದ. ಮತ್ತೆ ಹಿಡಿದುಕೊಂಡಿತು. ಮತ್ತೆ ಹೋದ. ಊರ ಕಿಟಕಿಗಳೆಲ್ಲ ಸುಮ್ಮನಿರುವಾಗ ಇದೊಂದಕ್ಕೆ ಮಾತ್ರ ಯಾಕೆ ಈ ರೋಗ? ನನ್ನ ತಲೆ ಓಡಿತು. ಬೇಕೆಂದೇ ಕೆಲಸ ಅರ್ಧಂಬರ್ಧ ಬಿಟ್ಟು ಮೇಲೆ ಹೋಗಲು ದಾರಿ ಮಾಡಿಕೊಳ್ಳುತ್ತಿದ್ದಾನೆ ಆಸಾಮಿ! ಸಿಕ್ಕಿಬಿದ್ದ ದಿನವೇ ಹೊರಗೆ ಹಾಕುವುದೆಂದು ನಿರ್ಧರಿಸಿದೆ.

ಮುಂದಿನ ಸಲ ಅವನು ರಿಪೇರಿ ಮಾಡಿ ಇಳಿದ ಕೂಡಲೇ ನಾನೇ ಮೇಲೆ ಹೋದೆ. ಬೆರಳಲ್ಲಿ ತಳ್ಳಿದರೆ ಕದ ಬೆಣ್ಣೆಯಿಂದ ಕೂದಲು ತೆಗೆದಂತೆ ಸರಿಯಿತು. ಕದದ ಅಂಚಿನಲ್ಲಿ ಒಂದು ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಕೆಳಗಿನ ಗಾಲಿ ಏರಿಳಿಯುತ್ತದೆ. ಆ ಸ್ಕ್ರೂ ತಲೆಯಿಂದ ಚೌಕಟ್ಟಿನವರೆಗೆ ಗಾಜಿಗೆ ಗುರುತು ಹಾಕುವ ಪೆನ್ನಿನಿಂದ ಸಣ್ಣ ಗೆರೆ ಎಳೆದು ಬಂದೆ. ಆಮೇಲೆ ಅವನನ್ನು ನನ್ನ ಕಣ್ಣೆದುರಿನಿಂದ ಆಚೀಚೆ ಬಿಡಲಿಲ್ಲ.

ಎರಡು ದಿನಕ್ಕೆ ತಂಗಿ ಬಂದಳು. "ಅಣ್ಣಾ, ಮತ್ತೆ ಹಿಡ್ಕೊಳ್ತಿದೆ."

ನಾನೇ ಹತ್ತಿ ನೋಡಿದೆ. ಗೆರೆ ಎರಡು ತುಂಡಾಗಿತ್ತು: ಚೌಕಟ್ಟಿನ ತುಂಡು ಇದ್ದಲ್ಲೇ ಇದೆ, ಸ್ಕ್ರೂ ಮೇಲಿನದು ಸುತ್ತು ಹೊಡೆದು ಬೇರೆ ದಿಕ್ಕಿಗೆ ಮುಖ ಮಾಡಿದೆ. ಅವನಂತೂ ಮೆಟ್ಟಿಲು ತುಳಿದಿಲ್ಲ. ಆ ಕೋಣೆಯಲ್ಲಿ ಇರುವವಳು ಒಬ್ಬಳೇ.

ಆದರೂ ವ್ಯಾಪಾರದವನು ನಾನು. ಒಂದೇ ಕಡೆ ಕೇಳಿ ಬೆಲೆ ಒಪ್ಪುವುದಿಲ್ಲ. ಕೆಳಗಿಳಿದು ಮೊದಲು ಅವನನ್ನೇ ಹಿಡಿದೆ. ತಂಗಿ ತನ್ನ ಮೇಜಿನ ಹಿಂದೆ ಬರೆಯುತ್ತ ಕೂತಿದ್ದಳು.

"ಏನಯ್ಯ, ಆ ಕಿಟಕಿ ಯಾಕೆ ಪದೇ ಪದೇ ಕೆಡುತ್ತೆ?"

ಬೇರೆ ಹೊತ್ತಾಗಿದ್ದರೆ ಗೋಡೆ ಸೊಟ್ಟ, ಗಾರೆಯವನು ಸೊಟ್ಟ, ನೀವು ನಿಂತಿದ್ದೇ ಸೊಟ್ಟ ಎಂದು ನನ್ನ ಮೇಲೇ ರೇಗುತ್ತಿದ್ದ. ಈಗ ತಲೆ ತಗ್ಗಿಸಿದ.

"ನನ್ನ ಕೈತಪ್ಪು ಯಜಮಾನ್ರೇ."

ಒಂದು ಕೂದಲೆಳೆಯ ತಪ್ಪನ್ನೂ ಹುಟ್ಟಿದಾರಭ್ಯ ಒಪ್ಪದವನು! ಇವನಿಗೆ ಮೊದಲಿಂದಲೂ ಗೊತ್ತು ಎಂದು ಆಗ ಖಾತ್ರಿಯಾಯಿತು. ಗೊತ್ತಿದ್ದೂ ಪ್ರತಿ ಸಲ ಹೋಗಿ ಬಿಗಿ ಮಾಡಿ ಬಾಯಿ ಮುಚ್ಚಿಕೊಂಡು ಬಂದಿದ್ದಾನೆ. ಎಲ್ಲಿವರೆಗೆ ಮುಚ್ಚಿರುತ್ತಾನೋ ನೋಡೋಣ ಎಂದು ಇನ್ನೊಂದು ಹೆಜ್ಜೆ ಇಟ್ಟೆ.

"ಹಾಗಾದ್ರೆ ನಾಳೆಯಿಂದ ಬರೋದು ಬೇಡ."

"ಆಯ್ತು," ಅಂದ. ಏಪ್ರನ್ ಬಿಚ್ಚತೊಡಗಿದ.

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ತಂಗಿ ಎಂದಿನಂತೆ ದೂರ ಕಾಯ್ದು ಸುತ್ತಿ ಬರಲಿಲ್ಲ. ನಟ್ಟನಡುವೆ ನಡೆದು ನಮ್ಮಿಬ್ಬರ ಮಧ್ಯೆ ನಿಂತು ನನ್ನ ಕೈಯಲ್ಲಿ ಒಂದು ಸ್ಕ್ರೂಡ್ರೈವರ್ ಇಟ್ಟಳು. ನಮ್ಮ ಅಂಗಡಿಯದೇ.

"ತಿರುಗಿಸಿದ್ದು ನಾನು. ಇವರನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿಬಿಡು ಅಣ್ಣ. ಇವರ ಬಾಯಿಂದ ಒಂದು ಮಾತು ಹೊರಡಿಸೋಕೆ ಎಷ್ಟು ಸಲ ಕಿಟಕಿ ಕೆಡಿಸ್ಲಿ? ಬರ್ತಾರೆ, ರಸಮಟ್ಟ ಇಡ್ತಾರೆ, ಗುಳ್ಳೆ ನೋಡ್ತಾರೆ, ಹೋಗ್ತಾರೆ! ಇಷ್ಟ ಇಲ್ಲ ಅಂದ್ರೆ ಅದನ್ನಾದ್ರೂ ಹೇಳ್ಬೇಕಲ್ವಾ?"

ಅವನು ಏಪ್ರನ್ನಿನ ಗಂಟು ಹಿಡಿದೇ ನಿಂತಿದ್ದ. ಗೋಡೆಯ ಕಡೆ ನೋಡಿದ, ಅಭ್ಯಾಸಬಲ. ಆಮೇಲೆ ಮುಖ ತಿರುಗಿಸಿ, ನಮ್ಮ ಅಂಗಡಿಗೆ ಬಂದಾಗಿನಿಂದ ಮೊದಲ ಸಲ ಅವಳಿಗೇ ಹೇಳಿದ:

"ನೀವು ಪ್ರತಿ ಸಲ ಜಾಸ್ತಿ ತಿರುಗಿಸ್ತೀರ. ಗಾಲಿ ಸವೆಯುತ್ತೆ. ಅರ್ಧ ಸುತ್ತು ತಿರುಗಿಸಿದ್ರೂ ನಾನು ಬರ್ತಿದ್ದೆ."

ನನ್ನ ಹೆಂಡತಿ ಅದ್ಯಾವಾಗ ಬಂದು ನಿಂತಿದ್ದಳೋ, ಬಾಗಿಲ ಹತ್ತಿರದಿಂದ, "ವಿಚಾರಿಸೋದು ಇನ್ನೇನಾದ್ರೂ ಬಾಕಿ ಇದ್ಯಾ?" ಅಂದಳು. ಏಪ್ರನ್ ಮತ್ತೆ ಕಟ್ಟಿಕೋ ಎಂದೆ.

ರಿಜಿಸ್ಟರ್ ಮದುವೆ ಆಯಿತು. ಅವನು ನನ್ನನ್ನು ಯಜಮಾನ್ರೇ ಬಿಟ್ಟು ಭಾವ ಎನ್ನಲು ಬಹಳ ದಿನ ತಿಣುಕಿದ. ಈಗ ಅಂಗಡಿಯಲ್ಲಿ ಅವರಿಬ್ಬರ ನಡುವಿನ ದೂರಕ್ಕೆ ಯಾವ ಲೆಕ್ಕವೂ ಇಲ್ಲ. ಜಗಳವಾದ ದಿನ ಅವಳು ಈ ಮೂಲೆ, ಅವನು ಬೀದಿಯಲ್ಲಿ. ಮರುದಿನ ಇಬ್ಬರೂ ಒಂದೇ ಗಾಜಿನ ಮೇಲೆ ಬಗ್ಗಿ ತಲೆಗೆ ತಲೆ ಡಿಕ್ಕಿ. ಆ ವಿಷಯದಲ್ಲಿ ನನಗೆ ಅನುಮಾನ ಉಳಿದಿಲ್ಲ.

ಉಳಿದಿರುವುದು ಬೇರೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ತಂಗಿ ಮೇಲೆ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಇವನು ಕೆಮ್ಮುತ್ತಾನೆ. "ಭಾವ, ಮೇಲಿನ ಕಿಟಕಿ ಯಾಕೋ ಹಿಡ್ಕೊಳ್ತಿದೆಯಂತೆ." ಹೋಗಯ್ಯ ಎನ್ನುತ್ತೇನೆ. ಹೋಗುತ್ತಾನೆ. ರಸಮಟ್ಟ ಮೇಜಿನ ಮೇಲೆಯೇ ಬಿದ್ದಿರುತ್ತದೆ.