ಪಕ್ಕದ ಮನೆಯ ಬಾಣಂತಿ

ನಿನ್ನೆ ಸಂತೆಯಲ್ಲಿ ಯಾರೋ ಸಬ್ಬಸಿಗೆ ಸೊಪ್ಪಿನ ಕಟ್ಟು ಬಿಚ್ಚಿದರು. ಆ ವಾಸನೆಗೆ ಹೊಸೂರಿನ ಹತ್ತಿರದ ಅವಲಪಲ್ಲಿಯ ಬಾಡಿಗೆ ಮನೆ, ಗೋಡೆಯಾಚೆಗಿದ್ದ ಬಾಣಂತಿ, ಎಲ್ಲ ಕಣ್ಣ ಮುಂದೆ ಬಂತು...

ಅವಳು ನಾಟ್ರಾಂಪಾಳ್ಯದ ಕಡೆಯವಳು. ಗಂಡ ಫ್ಯಾಕ್ಟರಿಗೆ ಹೋಗುತ್ತಿದ್ದ. ನಾನಾಗ ಒಂದು ಸಂಶೋಧನೆಯವರಿಗಾಗಿ, ಹೊಸದಾಗಿ ಹೆತ್ತವರ ಮನೆಗಳಿಗೆ ಹೋಗಿ ಪ್ರಶ್ನೆ ಕೇಳಿ, ರಕ್ತ ತೆಗೆದುಕೊಂಡು ಬರುತ್ತಿದ್ದೆ. ಚಿಕ್ಕಂದಿನಲ್ಲಿ ಪಟ್ಟ ಪಾಡು ಜೀವಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಕೊಟ್ಟು, ತಾಯಿಯಾದ ಮೇಲೂ ಉಳಿದಿರುತ್ತದೆಯೇ ಎಂದು ಅವರು ಹುಡುಕುತ್ತಿದ್ದರು.

ಅವಳನ್ನು ಪ್ರಶ್ನೆ ಕೇಳುವಾಗ ಅವಳ ಅತ್ತೆ ಪಕ್ಕದಲ್ಲೇ ಕೂತಿದ್ದರು. ಚಿಕ್ಕವಳಿದ್ದಾಗ ಯಾರಾದರೂ ಹೊಡೆಯುತ್ತಿದ್ದರೇ? ಹಸಿದು ಮಲಗಿದ್ದುಂಟೇ? ಎಲ್ಲಕ್ಕೂ ‘ಇಲ್ಲ’ ಎಂದಳು. ರಕ್ತಕ್ಕೆ ತೋಳು ಚಾಚಿದಾಗ ಹಳೆಯ ಬರೆಗಳು ಕಂಡವು. ನಾನೂ ‘ಇಲ್ಲ’ ಎಂದೇ ಬರೆದುಕೊಂಡೆ.

ಮಾರನೆಯ ಮಧ್ಯಾಹ್ನ ಮಗುವನ್ನೆತ್ತಿಕೊಂಡು ನಮ್ಮ ಮನೆಗೆ ಬಂದಳು. ತಾಯಿ ಸತ್ತ ಮೇಲೆ ಚಿಕ್ಕಮ್ಮ ಬರೆ ಹಾಕಿದ್ದು, ಎಂಟು ವರ್ಷಕ್ಕೇ ಯಾರದೋ ಮನೆಗೆಲಸಕ್ಕೆ ಬಿಟ್ಟದ್ದು, ಎಲ್ಲ ಹೇಳಿದಳು.

“ಅದೆಲ್ಲ ರಕ್ತದಾಗೆ ಗೊತ್ತಾಯ್ತದಾ ಅಕ್ಕ?”

“ಗೊತ್ತಾಗ್ಬೋದು,” ಎಂದೆ. ಅಷ್ಟರಲ್ಲಿ ಅತ್ತೆ ಕೂಗಿದರು. ಎದ್ದು ಹೋದಳು. ಬಿಡಿಸಿ ಹೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಆಮೇಲೆ ಮಗುವಿನ ಅಳು ಹೊತ್ತುಗೊತ್ತಿಲ್ಲದೆ ಕೇಳತೊಡಗಿತು. ಮೂರು ವಾರ ಕಳೆದ ಮೇಲೆ ಹೋಗಿ ನೋಡಿದರೆ, ಅವಳ ಕೈಯಲ್ಲಿ ಪುಡಿಹಾಲಿನ ಬಾಟಲಿ.

“ನನ್ ರಕ್ತಾನೇ ಕೆಟ್ಟೋಗದೆ ಅಂದ್ಮ್ಯಾಲೆ ಹಾಲೂ ಕೆಟ್ಟಿರ್ತದೆ. ಮಗೀಗೆ ಹೆಂಗ್ ಕೊಡ್ಲಿ ಅಕ್ಕ?”

ನನ್ನ ಮಾತನ್ನು ಅವಳು ಹಾಗೆ ತಿಳಿದುಕೊಂಡಿದ್ದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅದು ಹಾಲಿನಿಂದ ಅಂಟುವಂಥದ್ದಲ್ಲ, ಧಾರಾಳವಾಗಿ ಕೊಡು ಎಂದು ಅವರು ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ ಹೇಳಿದರು. ಅವಳು ನಂಬಿದಳು. ಹಾಲು ಬರಲೆಂದು ಸಬ್ಬಸಿಗೆ ತಿಂದಳು, ಬೆಳ್ಳುಳ್ಳಿ ತಿಂದಳು, ದಿನವಿಡೀ ಮಗುವನ್ನು ಎದೆಗೆ ಹಚ್ಚಿಕೊಂಡು ಕೂತಳು. ಬತ್ತಿದ ಹಾಲು ಮತ್ತೆ ಬರಲಿಲ್ಲ... ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಗುವಿಗೆ ಐದು ತಿಂಗಳಾದಾಗ ಮನೆ ಖಾಲಿ ಮಾಡಿ ಊರಿಗೆ ಹೋದರು.

ಹೋದ ವರ್ಷ ಹೊಸೂರಿನ ಬಸ್ ನಿಲ್ದಾಣದಲ್ಲಿ ಅವಳ ಗಂಡ ಸಿಕ್ಕಿದ. ಕಾಮಾಲೆಯಾಗಿ ಅವಳು ತೀರಿಹೋದಳಂತೆ. ಮಗಳು ಮೂರನೇ ಕ್ಲಾಸಂತೆ.

“ಅವ್ಳು ಒಂದಿನಾನೂ ಮಗೀನ್ ಮ್ಯಾಲೆ ಕೈ ಎತ್ನಿಲ್ಲ ಅಕ್ಕ. ನಾನ್ ಮಗೀನ್ ಗದರಿದ್ರೂ ಅವ್ಳು ನಡುಗ್ಬುಡೋಳು,” ಎಂದ.

ಆ ಕೆಲಸ ಬಿಟ್ಟು ಬಹಳ ದಿನವಾಯಿತು. ಅವಳ ರಕ್ತದಲ್ಲಿ ಏನು ಕಂಡಿತೋ, ನನಗೆ ಯಾರೂ ಹೇಳಲಿಲ್ಲ. ಆ ಮಧ್ಯಾಹ್ನ ಇನ್ನೆರಡು ಮಾತು ಆಡಿದ್ದರೆ... ತಪ್ಪಾಯಿತು ಎನ್ನೋಣವೆಂದರೆ, ಕೇಳಿಸಿಕೊಳ್ಳಲು ಅವಳಿಲ್ಲ.