ಎರಡು ರಿಂಗಿನ ಕ್ಷೇಮ

ನಮ್ಮತ್ತೆಗೂ ಅವರ ತಂಗಿಗೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಮಿಸ್ಡ್ ಕಾಲ್ ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ.

ಜಗಳಕ್ಕೆ ಕಾರಣ ಪುಳಿಯೋಗರೆ ಗೊಜ್ಜು. ಯಾರದೋ ಗೃಹಪ್ರವೇಶದಲ್ಲಿ, ಬೀಗರೆಲ್ಲ ಕೂತಿದ್ದ ಪಂಕ್ತಿಯಲ್ಲೇ, ತಂಗಿ "ಅಕ್ಕನ ಗೊಜ್ಜು ಚೆನ್ನಾಗೇ ಇರತ್ತೆ, ಆದ್ರೆ ಬೆಲ್ಲ ಹಾಕೋದ್ರಲ್ಲಿ ಅಮ್ಮನ ಕೈ ಇವಳಿಗೆ ಬರಲಿಲ್ಲ" ಅಂದುಬಿಟ್ಟರು. ಅಲ್ಲಿಂದೀಚೆಗೆ ನಮ್ಮತ್ತೆ ತಂಗಿಯ ಹತ್ತಿರ ತುಟಿ ಬಿಚ್ಚಲಿಲ್ಲ. ಇವರು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ತಂಗಿ ಹಿಡಿದ ಮೊಲಕ್ಕಂತೂ ಕಾಲೇ ಇಲ್ಲ. ನಡುವೆ ಸಿಕ್ಕಿಕೊಂಡವಳು ಸೊಸೆಯಾದ ನಾನು.

ನಾವಿರುವುದು ತ್ಯಾಗರಾಜನಗರ, ಅವರು ವಿಲ್ಸನ್ ಗಾರ್ಡನ್. ಬೆಳಗ್ಗೆ ಆರೂಕಾಲಿಗೆ ನಮ್ಮ ಲ್ಯಾಂಡ್‌ಲೈನ್ ಎರಡು ಸಲ ರಿಂಗಾಗಿ ನಿಲ್ಲಬೇಕು. ಎದ್ದಿದ್ದೇನೆ, ಕಾಫಿ ಆಯಿತು, ಆರಾಮಾಗಿದ್ದೇನೆ ಅಂತ ತಂಗಿ ಹೇಳಿದ ಹಾಗೆ. ತಕ್ಷಣ ಅತ್ತೆ ಇಲ್ಲಿಂದ ಎರಡು ರಿಂಗ್ ಕೊಟ್ಟು ಇಡುತ್ತಾರೆ. ಆ ಹೊತ್ತಿನ ರಿಂಗ್ ಇರುವುದು ಎಣಿಸುವುದಕ್ಕೆ. ಫೋನ್ ಎತ್ತುವ ಹಾಗಿಲ್ಲ. ಎರಡರ ಬದಲು ಒಂದೇ ಬಂದರೆ ಏನೋ ಆಗಿದೆ, ಕೂಡಲೇ ಹೊರಟು ಬಾ ಅಂತ. ಜಗಳಕ್ಕೂ ಮುಂಚೆ, ತಂಗಿಯ ಯಜಮಾನರು ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದಾಗ ಇಬ್ಬರೂ ಸೇರಿ ಮಾಡಿಕೊಂಡ ಏರ್ಪಾಡು ಇದು.

ಕಷ್ಟಕ್ಕೆ ಒಂದೇ ರಿಂಗ್ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಅವಸರದಲ್ಲಿ ಎರಡನೇ ರಿಂಗ್ ತನಕ ಕಾಯೋಕ್ಕೆ ಯಾರಿಗಮ್ಮ ಪುರುಸೊತ್ತು" ಅಂದರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಈ ಲೆಕ್ಕಕ್ಕೆ ಪೂರ್ತಿ ಅಂಕ ಕೊಟ್ಟುಬಿಟ್ಟೆ.

ಹೀಗಿರುವಾಗ ನಮ್ಮ ರಸ್ತೆ ಅಗೆದರು, ಟೆಲಿಫೋನ್ ಕೇಬಲ್ ತುಂಡಾಯಿತು. ಇನ್ನು ತಾಮ್ರದ ತಂತಿ ಎಳೆಯುವುದಿಲ್ಲ, ಅದೇ ನಂಬರನ್ನು ಇಂಟರ್‌ನೆಟ್ ಮೇಲೆ ಹಾಕಿಕೊಡುತ್ತೇವೆ ಅಂದರು ಫೋನ್ ಕಂಪನಿಯವರು. ಹಳೇ ಫೋನಿಗೆ ಒಂದು ಅಡಾಪ್ಟರ್ ಸಾಕಂತೆ. ಅಂಗೈ ಅಗಲದ ಕರಿ ಡಬ್ಬಿ. ಒಂದು ಕಡೆ ಇಂಟರ್‌ನೆಟ್ ವೈರು, ಇನ್ನೊಂದು ಕಡೆ ಫೋನಿನ ವೈರು. ನಮ್ಮನೆಯವರು ಒಂದು ಸಂಜೆ ಪಂಚೆ ಎತ್ತಿ ಕಟ್ಟಿ ನೆಲದ ಮೇಲೆ ಕೂತರು. ಮಿಕ್ಸಿಯ ಪ್ಲಗ್ ಬದಲಾಯಿಸಲು ಎಲೆಕ್ಟ್ರಿಷಿಯನ್ನನ್ನು ಕರೆಸುವ ಮನುಷ್ಯ, ಅಡಾಪ್ಟರ್‌ಗೆ ಮಾತ್ರ ಯಾರೂ ಬೇಡ ಎಂದರು.

ನನ್ನ ಮೊಬೈಲಿನಿಂದ ಮಾಡಿ ನೋಡಿದೆವು. ಫೋನ್ ಜೋರಾಗಿಯೇ ರಿಂಗಾಯಿತು. ಇಲ್ಲಿಂದ ಹೊರಗೆ ಮಾಡಹೋದರೆ ಮಾತ್ರ ಒತ್ತಿದ ನಂಬರಿಗೆಲ್ಲ ಟಕಟಕ ಸದ್ದು ಬರುತ್ತಿತ್ತೇ ಹೊರತು ಲೈನ್ ಸಿಗಲಿಲ್ಲ. ಫೋನಿನ ತಳದಲ್ಲಿ 'ಟಿ' ಮತ್ತು 'ಪಿ' ಎಂದು ಬರೆದ ಸಣ್ಣ ಸ್ವಿಚ್ ಇತ್ತು. ಅದು 'ಪಿ' ಕಡೆಗಿತ್ತು. ಇದೇನು ಎಂದೆ.

"ಪಿ ಅಂದ್ರೆ ಫೋನು, ಟಿ ಅಂದ್ರೆ ಟೆಸ್ಟಿಂಗು. ಮುಟ್ಟಬೇಡ. ಒಳಗೆ ಬರೋದಂತೂ ಬರತ್ತಲ್ಲ, ಹೊರಗೆ ಹೋಗೋದನ್ನ ನಾಳೆ ನೋಡೋಣ" ಅಂದರು ನಮ್ಮನೆಯವರು.

ಮಾರನೇ ಬೆಳಗ್ಗೆ ಆರೂಕಾಲಿಗೆ ಫೋನ್ ಒಂದು ಸಲ ರಿಂಗಾಯಿತು. ನಿಂತಿತು.

ಅತ್ತೆ ಲೋಟ ಹಿಡಿದುಕೊಂಡೇ ಇನ್ನೊಂದಕ್ಕೆ ಕಾದರು. ಬರಲಿಲ್ಲ. ಕಾಫಿ ಸೆರಗಿನ ಮೇಲೆ ಚೆಲ್ಲಿತು. "ಒಂದೇ ಕಣೇ. ಒಂದೇ ಬಂತು" ಅಂದರು. ಆ ವಾರ ತಂಗಿಯ ಮಗ ಸೊಸೆಯೂ ಊರಲ್ಲಿರಲಿಲ್ಲ, ಮನೆಯಲ್ಲಿ ಅವರೊಬ್ಬರೇ. ನನ್ನ ಮೊಬೈಲಿನಿಂದ ಮಾಡಿದೆ. ಬಡಕೊಂಡು ಬಡಕೊಂಡು ನಿಂತಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಅಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ಇದ್ದರು. ಮಂಡಿ ನೋವೆಂದು ಬೀದಿ ಕೊನೆಯ ದೇವಸ್ಥಾನಕ್ಕೂ ಹೋಗದವರು.

ಆಟೋದಲ್ಲಿ ಅವರು ಆಡಿದ್ದು ಒಂದೇ ಮಾತು: "ಬೆಲ್ಲ ಒಂದು ಚೂರು ಜಾಸ್ತಿ ಹಾಕಿದ್ರೆ ನನ್ನ ಗಂಟೇನು ಹೋಗ್ತಿತ್ತು." ನಾನು ಅವರ ಕೈ ಹಿಡಿದುಕೊಂಡೆ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

ವಿಲ್ಸನ್ ಗಾರ್ಡನ್ನಿನ ಆ ಮನೆ ಮುಂದೆ ಆಟೋ ನಿಂತಾಗ, ತಂಗಿ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಕಂಕುಳಲ್ಲಿ ಪರ್ಸು, ಒಂದು ಕಾಲಿಗೆ ಒಂದು ಜೊತೆಯ ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದರದ್ದು. ನಮ್ಮ ಮನೆಗೇ ಹೊರಟಿದ್ದರು. ಅತ್ತೆಯ ಎರಡು ರಿಂಗ್ ವಾಪಸ್ ಬರಲಿಲ್ಲ. ಅದರ ಮೇಲೆ ನನ್ನ ಮೊಬೈಲಿನ ಇಪ್ಪತ್ತೆರಡು ರಿಂಗ್, ಅದೂ ಎರಡು ಸಲ. ಇಪ್ಪತ್ತೆರಡಕ್ಕೆ ಏನರ್ಥ ಎಂದು ಅವರ ಏರ್ಪಾಡಿನಲ್ಲಿ ಇರಲಿಲ್ಲ.

ಅಕ್ಕ ತಂಗಿ ಎದುರೆದುರು ನಿಂತರು. ನಾನು ಕಣ್ಣೊರೆಸಿಕೊಳ್ಳಲು ತಯಾರಾದೆ.

"ನಿಮ್ಮತ್ತೆ ಹುಷಾರಾಗಿದಾಳಾ ಕೇಳಮ್ಮ" ಅಂದರು ತಂಗಿ, ನನಗೆ.

"ಒಂದೇ ರಿಂಗ್ ಯಾಕೆ ಕೊಟ್ಲು ಕೇಳು" ಅಂದರು ಅತ್ತೆ, ಅವರೂ ನನಗೇ.

"ಎರಡು ಕೊಟ್ಟೆ. ಎಣಿಸಿ ಕೊಟ್ಟೆ ಅನ್ನು."

"ನಂಗೆ ಕಿವಿ ಸರಿಯಾಗೇ ಇದೆ ಅನ್ನು."

ಮುಚ್ಚಿದ ಬಾಗಿಲು ತೆಗೆದು ಕಾಫಿ ಕೊಟ್ಟರು, ಕುಡಿದೆವು. ಅದೂ ನನ್ನ ಮೂಲಕವೇ: ಸಕ್ಕರೆ ಸಾಕಾ ಕೇಳು, ಸಾಕು ಅನ್ನು. ಮನೆಗೆ ಬಂದವಳೇ ಸಿಟ್ಟಿನಲ್ಲಿ ಫೋನನ್ನು ಬೋರಲು ಹಾಕಿ, ಹೇರ್‌ಪಿನ್ನಿನಿಂದ ಆ ಸ್ವಿಚ್ಚನ್ನು 'ಟಿ' ಕಡೆಗೆ ತಳ್ಳಿದೆ. ಡಯಲ್ ಮಾಡಿದೆ, ಲೈನ್ ಸಿಕ್ಕಿತು. ನಮ್ಮನೆಯವರು ಪೇಪರ್ ಅಡ್ಡ ಹಿಡಿದುಕೊಂಡರು.

ಮಧ್ಯಾಹ್ನ ಕಂಪನಿಯಿಂದ ಒಬ್ಬರು ಬಂದರು. ಗದಗದ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದಾರೆ. ಕಥೆಯೆಲ್ಲ ಕೇಳಿ ನಕ್ಕರು.

"ಈ ಡಬ್ಬಿ ಐತಲ್ರೀ ಮೇಡಂ, ಮೊದಲ ಯಾರು ಫೋನ್ ಮಾಡ್ಯಾರಂತ ನೋಡ್ಕೋತೈತ್ರೀ, ಆಮ್ಯಾಲ ಗಂಟಿ ಹೊಡೀತೈತಿ. ಅಷ್ಟರಾಗ ಅವರಿಗೆ ಅಲ್ಲಿ ಒಂದು ಗಂಟಿ ಕೇಳಿರ್ತೈತಿ. ನಂಬರ್ ತೋರ್ಸೋದು ಬಂದ್ ಮಾಡ್ತೀನ್ರೀ. ಹೆಂಗೂ ನಿಮ್ಮ ಫೋನಿನ್ಯಾಗ ನಂಬರ್ ಕಾಣೂದಿಲ್ಲ."

"ಮನೆಯೊಳಗೆ ಬರೋಕ್ಕೂ ಮುಂಚೆ ಯಾರು ಅಂತ ಕೇಳತ್ತಾ? ಪರವಾಗಿಲ್ಲ, ಜೋರಿದೆ" ಅಂದರು ಅತ್ತೆ.

ಮರುದಿನ ಆರೂಕಾಲಿಗೆ ಎರಡು ರಿಂಗ್ ಅಚ್ಚುಕಟ್ಟಾಗಿ ಬಂದವು, ನಿಂತವು. ನಮ್ಮನೆಯವರು ಎಲ್ಲಾ ತಾವೇ ಮಾಡಿದ ಹಾಗೆ ನನ್ನ ಕಡೆ ನೋಡಿದರು. ಅತ್ತೆಯ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಫೋನ್ ಎತ್ತಿ ನಂಬರ್ ಒತ್ತಿದರು. ನಾನು ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಒಂದು, ಎರಡು. ಇಡಲಿಲ್ಲ. ಮೂರು, ನಾಲ್ಕು. ಅತ್ತ ಕಡೆಯೂ ಒಬ್ಬರು ಎಣಿಸುತ್ತಾ ನಿಂತಿದ್ದಾರೆ ಎಂದು ನನಗೆ ಗೊತ್ತು. ಒಂಬತ್ತನೆಯದಕ್ಕೆ ಎತ್ತಿದರು.

"ಏನಾಯ್ತಕ್ಕ?" ಆ ಗಾಬರಿ ನನಗೂ ಕೇಳಿಸಿತು.

"ಏನೂ ಆಗಿಲ್ಲ ಕಣೇ" ಅಂದರು ಅತ್ತೆ. ನನ್ನ ಕಡೆ ಬೆನ್ನು ತಿರುಗಿಸಿ, ದನಿ ತಗ್ಗಿಸಿದರು. "ಗೊಜ್ಜಿಗಿಟ್ಟಿದೀನಿ. ಅಮ್ಮ ಬೆಲ್ಲ ಎಷ್ಟು ಹಾಕ್ತಿದ್ಲು, ಹೇಳು."