ಸೋಡಾ ಮನೆ ಸೊಸೆ

ಅಜ್ಜಂಪುರದಲ್ಲಿ ನನ್ನ ಹೆಸರು ಗೊತ್ತಿರುವವರು ಕಡಿಮೆ. ಮದುವೆಯಾಗಿ ಬಂದ ದಿನದಿಂದ ನಾನು ಸೋಡಾ ಮನೆ ಸೊಸೆ. ಗಂಡನ ತಾತ ಒಂದು ಕಾಲದಲ್ಲಿ ಗೋಲಿ ಸೋಡಾ ಮಾಡುತ್ತಿದ್ದರಂತೆ. ಮೆಷಿನ್ನು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಉಳಿದಿರುವುದು ಒಂದು ಡಬ್ಬಿಯ ತುಂಬ ಗಾಜಿನ ಗೋಲಿ ಮತ್ತು ಮನೆಗೆ ಅಂಟಿಕೊಂಡ ಹೆಸರು. ನಮ್ಮ ಬೀದಿಯಲ್ಲಿ ಎಲ್ಲರದ್ದೂ ಹೀಗೆಯೇ. ಎದುರಿಗೆ ಗಿರಣಿ ಮನೆ, ಮೂಲೆಯಲ್ಲಿ ಎತ್ತಿಗೆ ಲಾಳ ಕಟ್ಟುತ್ತಿದ್ದ ಸಾಹೇಬರ ಲಾಳದ ಮನೆ. ಆಧಾರ್ ಕಾರ್ಡಿನ ಹೆಸರು ಹಿಡಿದು ಯಾರಾದರೂ ಹುಡುಕಿ ಬಂದರೆ ಸಂಜೆಯವರೆಗೂ ಅಲೆಯಬೇಕು.

ಆ ಗೋಲಿ ಡಬ್ಬಿಯ ತಳದಲ್ಲಿ ನಾನು ಮಾತ್ರೆ ಬಚ್ಚಿಡುತ್ತಿದ್ದೆ. ನನಗೆ ಮೂರ್ಛೆರೋಗವಿದೆ. ಮಾತ್ರೆ ತಪ್ಪಿಸದಿದ್ದರೆ ಅದು ನನ್ನ ತಂಟೆಗೆ ಬರುವುದಿಲ್ಲ. ಮನೆಯಲ್ಲಿ ಇದು ಗೊತ್ತಿದ್ದದ್ದು ಗಂಡನೊಬ್ಬನಿಗೆ, ಮದುವೆಗೆ ಮುಂಚೆಯೇ ಹೇಳಿದ್ದೆ. ಅತ್ತೆಗೆ ತಿಳಿಸುವುದು ಬೇಡ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದೆವು. ಅತ್ತೆ ಕೆಟ್ಟವರಲ್ಲ. ಆದರೂ ಹೆದರಿಕೆಗೆ ಕಾರಣವಿತ್ತು.

ತರೀಕೆರೆಯಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ. ಅವಳಿಗೂ ಇದೇ ಕಾಯಿಲೆ. ಬಾಣಂತನ ಮುಗಿಸಿ ಬಂದ ಹೊಸತರಲ್ಲಿ ಒಂದು ಮದುವೆ ಚಪ್ಪರದಲ್ಲಿ ಬಿದ್ದಳು. ಯಾರೋ ಅವಳ ಕೈಗೆ ಬೀಗದ ಕೈ ಗೊಂಚಲು ತುರುಕಿದರು, ಯಾರೋ ಮೂಗಿಗೆ ಈರುಳ್ಳಿ ಹಿಡಿದರು. ಅದಾದ ಮೇಲೆ ಅವಳನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಮಗುವನ್ನು ಮಾತ್ರ ಮತ್ತೆ ಅವಳ ಕೈಗೆ ಕೊಡಲಿಲ್ಲ. ಮಗು ಅಜ್ಜಿಯ ಮಡಿಲಲ್ಲಿ ಬೆಳೆಯಿತು, ಚಿಕ್ಕಮ್ಮ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಬೇಸಿಗೆ ರಜೆಗೆ ಹೋದಾಗಲೆಲ್ಲ ಅದನ್ನೇ ಕಂಡಿದ್ದೇನೆ. ನನಗೆ ಮಗಳು ಹುಟ್ಟಿದಾಗ ಮೊದಲು ನೆನಪಾದದ್ದು ಆ ಹೊಸ್ತಿಲು.

ಹಾಗಂತ ನಾನು ಹುಂಬತನ ಮಾಡುತ್ತಿರಲಿಲ್ಲ. ಮಗುವಿಗೆ ಎರೆಯುವಾಗ ನೆಲದ ಮೇಲೇ ಕೂರಬೇಕು, ಪಕ್ಕದಲ್ಲಿ ಯಾರಾದರೂ ಇರಲೇಬೇಕು ಎಂದು ಡಾಕ್ಟರು ಹೇಳಿದ್ದರು. ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗಳನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದೆ, ಗಂಡ ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದ. ಅತ್ತೆ ಬಾಗಿಲಲ್ಲಿ ನಿಂತು ಮಗನನ್ನು ಆಡಿಕೊಳ್ಳುತ್ತಿದ್ದರು. "ಹೆಂಡ್ತಿ ಕಂಡ್ರೆ ಬೆಣ್ಣೆ ಥರ ಕರಗೋಯ್ತಾನೆ ಕಣೇ ಇವ್ನು." ಅವರು ಹಾಗೆ ನಗುತ್ತಿರುವಷ್ಟು ದಿನ ಭಯವಿಲ್ಲ ಎಂದುಕೊಳ್ಳುತ್ತಿದ್ದೆ.

ಔಷಧಿಗೆ ಅಜ್ಜಂಪುರ ಬಿಟ್ಟು ತರೀಕೆರೆಗೇ ಹೋಗುತ್ತಿದ್ದೆ, ಚಿಕ್ಕಮ್ಮನನ್ನು ನೋಡಿ ಬರುವ ನೆಪದಲ್ಲಿ. ಡಾಕ್ಟರ ಕೋಣೆಯ ಹೊರಗೆ ಒಂದು ದಿನ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಸಿಕ್ಕಳು. ಮೂರ್ಛೆರೋಗ ಮುಚ್ಚಿಟ್ಟುಕೊಂಡು ಬದುಕುವವರ ಬಗ್ಗೆ ಥೀಸಿಸ್ ಬರೆಯುತ್ತಿದ್ದಳು. ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ಹಾಕಿಸಿಕೊಂಡಳು. "ನಿಮ್ಮ ಹೆಸರು ಎಲ್ಲೂ ಬರಲ್ಲ ಅಕ್ಕ" ಎಂದಳು. ಮಾತಿನ ನಡುವೆ, ಊರಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದಳು. ಹೇಳಿದೆ. ಎಷ್ಟು ಚೆನ್ನಾಗಿದೆ ಎಂದು ಬರೆದುಕೊಂಡಳು. ಗೋಲಿ ಡಬ್ಬಿ, ಚಿಕ್ಕಮ್ಮ, ಬಚ್ಚಲು, ಎಲ್ಲವನ್ನೂ ಹೇಳಿದೆ. ಅಷ್ಟು ವರ್ಷ ಯಾರೂ ನನ್ನನ್ನು ಹಾಗೆ ಕೂರಿಸಿಕೊಂಡು ಕೇಳಿರಲಿಲ್ಲ. ಹೊರಗೆ ಬಂದಾಗ ಮೈ ಹಗುರಾಗಿತ್ತು, ಬಸ್ ಸ್ಟ್ಯಾಂಡಿನಲ್ಲಿ ಮಗಳಿಗೊಂದು ಟೋಪಿ ಕೊಂಡೆ.

ಚಳಿಗಾಲದಲ್ಲಿ ಕಡೂರಿನಲ್ಲೊಂದು ಸಭೆ ಎಂದು ಅತ್ತೆಯ ಮಹಿಳಾ ಸಂಘಕ್ಕೆ ಕರೆ ಬಂತು. ಆರೋಗ್ಯದ ವಿಚಾರ, ಮಧ್ಯಾಹ್ನ ಊಟವಿದೆ ಎಂದಷ್ಟೇ ನಮಗೆ ಗೊತ್ತಿದ್ದದ್ದು. "ನೀನೂ ಬಾರೇ, ಮನೇಲಿ ಕೂತು ಏನ್ ಮಾಡ್ತೀಯ" ಎಂದರು ಅತ್ತೆ. ಮಗಳನ್ನು ಗಂಡನ ಬಳಿ ಬಿಟ್ಟು ಹೊರಟೆ. ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಗಿರಣಿ ಮನೆ ಅಜ್ಜಿ, ನಡುವೆ ನಾನು. ವೇದಿಕೆ ಹತ್ತಿದವಳು ಅದೇ ಹುಡುಗಿ.

ಅವಳು ನನ್ನನ್ನು ನೋಡಿ ನಕ್ಕಳು, ನಾನು ತಲೆ ತಗ್ಗಿಸಿದೆ. ಎದ್ದು ಹೋಗಿ ಕಿವಿಯಲ್ಲಿ ಒಂದು ಮಾತು ಹೇಳಬಹುದಿತ್ತು. ಆದರೆ ಈ ಹುಡುಗಿ ನಿನಗೆ ಹೇಗೆ ಗೊತ್ತು ಎಂದು ಅತ್ತೆ ಕೇಳಿದರೆ? ಅತ್ತ ದರಿ, ಇತ್ತ ಪುಲಿ. ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಸೆರಗಿನ ತುದಿ ಹಿಂಡುತ್ತ ಕೂತೆ.

ಮೊದಲು ಯಾರೋ ಡ್ರೈವರೊಬ್ಬನ ಕತೆ ಹೇಳಿದಳು. ಕೆಲಸ ಹೋದೀತೆಂದು ಅವನು ಮುಚ್ಚಿಟ್ಟಿದ್ದನಂತೆ. ಹೆಂಗಸರು ಲೊಚಗುಟ್ಟಿದರು. ಆಮೇಲೆ ಅವಳು, "ಇನ್ನೊಬ್ಬರು ಒಬ್ಬ ತಾಯಿ. ಅವರ ಹೆಸರು ಹೇಳೋ ಹಾಗಿಲ್ಲ, ಅದು ನಮ್ಮ ನಿಯಮ. ಸೋಡಾ ಮನೆ ಸೊಸೆ ಅಂತ ಕರೆಯೋಣ" ಎಂದಳು.

ಅವಳ ಮುಖದಲ್ಲಿ ಕೆಟ್ಟದ್ದು ಒಂದಿಷ್ಟೂ ಇರಲಿಲ್ಲ. ಗುಟ್ಟನ್ನು ಜೋಪಾನ ಮಾಡಿದ್ದೇನೆ ಎಂದೇ ಅವಳ ನಂಬಿಕೆ. ಅವಳ ಊರಿನಲ್ಲಿ ಆಧಾರಿನ ಹೆಸರು ತೆಗೆದರೆ ಮನುಷ್ಯ ಮಾಯವಾಗುತ್ತಾನೇನೋ. ಬರೆದುಕೊಳ್ಳಲೇ ಎಂದು ಕೇಳಿದ್ದಳು, ಒಪ್ಪಿದ್ದೆ. ನಿಮ್ಮ ಬೀದಿಯವರ ಎದುರು ಹೇಳಲೇ ಎಂದೂ ಒಂದು ಮಾತು ಕೇಳಿದ್ದರೆ ಸಾಕಿತ್ತು. ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಆವತ್ತು ಸಿಟ್ಟಿಗೆ ಜಾಗವಿರಲಿಲ್ಲ, ಬರೀ ಹೆದರಿಕೆ.

ಗೋಲಿ ಡಬ್ಬಿಯ ವಿಷಯ ಬಂದಾಗ ಮುಂದಿನ ಸಾಲಿನಲ್ಲಿದ್ದ ನಮ್ಮ ಸಂಘದ ಹೆಂಗಸರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಗಿರಣಿ ಮನೆ ಅಜ್ಜಿ ನನ್ನಿಂದ ಸ್ವಲ್ಪ ಸರಿದು ಕೂತಿತು. ಎಲೆಗೆ ಸುಣ್ಣ ಸವರುತ್ತಿದ್ದ ಅತ್ತೆಯ ಬೆರಳು ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ಈಗಲೇ, ಇವರೆಲ್ಲರ ಎದುರು ನಾನು ಬಿದ್ದುಬಿಟ್ಟರೆ ಎಂಬ ದಿಗಿಲು ಹತ್ತಿತು. ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದೆ.

ಊಟದ ನಂತರ ಕೈ ತೊಳೆಯುವಲ್ಲಿ ಆ ಹುಡುಗಿ ಹುಡುಕಿಕೊಂಡು ಬಂದಳು. "ಸರಿ ಇತ್ತಾ ಅಕ್ಕ? ಹೆಸರು ಹೇಳಲೇ ಇಲ್ಲ ನೋಡಿ."

"ನಮ್ಮೂರಲ್ಲಿ ಅದೇ ಕಣಮ್ಮ ನನ್ ಹೆಸ್ರು" ಎಂದೆ.

ಅವಳ ಮುಖ ಬಿಳಿಚಿಕೊಂಡಿತು. ಥೀಸಿಸ್‌ನಿಂದ ತೆಗೆದುಹಾಕುತ್ತೇನೆ ಎಂದು ಎರಡು ಮೂರು ಸಲ ಹೇಳಿದಳು. ತೆಗೆದಿರಬಹುದು. ಅಷ್ಟು ಜನರ ಕಿವಿಗೆ ಬಿದ್ದದ್ದನ್ನು ತೆಗೆಯುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಅತ್ತೆ ನನ್ನನ್ನು ಕಿಟಕಿ ಪಕ್ಕಕ್ಕೆ ತಳ್ಳಿ ಕೂರಿಸಿ ಮಣಿಕಟ್ಟು ಹಿಡಿದುಕೊಂಡರು. ಬೀರೂರು ದಾಟಿದರೂ ಬಿಡಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ, ನನ್ನ ಬಾಯೇನೂ ಕಡಿಮೆಯದಲ್ಲ. ಆ ಹಿಡಿತದಿಂದ ಕೈ ಬಿಡಿಸಿಕೊಳ್ಳದೆ ಅಜ್ಜಂಪುರದವರೆಗೂ ಹಾಗೇ ಕೂತೆ.

ಮರುದಿನ ಬೆಳಿಗ್ಗೆ ಎಂದಿನಂತೆ ಬಚ್ಚಲಲ್ಲಿ ಕಾಲು ಚಾಚಿ ಕೂತೆ. ಗಂಡ ಬಿಸಿನೀರು ಬೆರೆಸುತ್ತಿದ್ದ. ಅತ್ತೆ ಮಗುವನ್ನು ಎತ್ತಿಕೊಂಡು ಬಂದು ನಿಂತರು.

"ಏಳೇ, ನಾನು ಎರೀತೀನಿ. ನೀನು ಆರಾಮಾಗಿರು."

ಬಹಳ ಮೆತ್ತಗೆ ಹೇಳಿದರು. ಗಂಡ "ಅಮ್ಮ, ಡಾಕ್ಟ್ರೇ ಹೇಳವ್ರೆ..." ಎಂದು ಶುರುಮಾಡಿದ. "ನೀನು ನೀರು ಹುಯ್ಯಪ್ಪಾ" ಎಂದರು. ನಾನು ಎದ್ದೆ. ಮಗಳು ನನ್ನ ಕಡೆ ಕೈ ಚಾಚಿ ಅತ್ತಳು, ಆಮೇಲೆ ಬಿಸಿನೀರು ಬಿದ್ದದ್ದೇ ಸುಮ್ಮನಾದಳು. ಟವೆಲ್ ಹಿಡಿದುಕೊಂಡು ಬಚ್ಚಲ ಹೊಸ್ತಿಲ ಮೇಲೆ ಕೂತೆ. ಟವೆಲನ್ನಾದರೂ ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಅತ್ತೆ ತಮ್ಮ ಸೆರಗಿನಲ್ಲೇ ಮಗುವನ್ನು ಒರೆಸಿ, ನನ್ನನ್ನು ದಾಟಿ, ಒಳಗೆ ಎತ್ತಿಕೊಂಡು ಹೋದರು.